ಹುಳ ಮುಟ್ಟದ ಹೂವು

ಬನವಾಸಿ ರಸ್ತೆಯಲ್ಲಿ ಹೂವಿನ ಚಹಾ ಮಾರುವ ಮಡಿವಾಳಪ್ಪನವರಷ್ಟು ಚೊಕ್ಕ ಮನುಷ್ಯ ಶಿರಸಿಯಲ್ಲೇ ಇನ್ನೊಬ್ಬರಿಲ್ಲ. ಅಂಗಡಿಗೆ ಕಾಲಿಟ್ಟರೆ ಸಾಕು, “ಬರ್ರಿ, ಕೈ ತೊಳಕೊಂಡು ಮುಟ್ರಿ” ಎನ್ನುತ್ತಾರೆ. ಒಣಗಿಸಿದ ಸೇವಂತಿಗೆಯನ್ನು ಲಿಂಗಪೂಜೆಗೆ ಆರಿಸಿದಂತೆಯೇ ಆರಿಸುತ್ತಾರೆ. ಹುಳ ತಿಂದದ್ದು ಕಸಕ್ಕೆ, ಎಸಳು ಮುಕ್ಕಾಗದ್ದು ಡಬ್ಬಿಗೆ. ಅಷ್ಟು ಚಂದದ ಹೂವು ತೋಟದಲ್ಲಿ ಎಷ್ಟು ಕೀಟನಾಶಕ ಕುಡಿದಿರಬೇಕು ಎಂದರೆ ನೊಂದುಕೊಳ್ಳುತ್ತಾರೆ. “ದೇವರಿಗೆ ಏರಿಸೋ ಹೂವ್ರೀ ಇದು. ಹುಳಾನೇ ಮುಟ್ಟಿಲ್ಲ, ಇನ್ನೇನ್ ಪರೀಕ್ಷೆ ಬೇಕು?” ಅಂಗಡಿಯಲ್ಲಿ ನೊಣವಿಲ್ಲ, ಜೇಡವಿಲ್ಲ, ಗೋಡೆಯ ಹಲ್ಲಿ ಕೂಡ ಯಾವಾಗಲೋ ಲೊಚಗುಟ್ಟುವುದನ್ನು ನಿಲ್ಲಿಸಿದೆ. ಆ ನಿಶ್ಶಬ್ದವನ್ನೇ ಅವರು ಶುದ್ಧಿ ಎಂದುಕೊಂಡಿದ್ದಾರೆ. ಮೋಸಗಾರ ಎಂದು ಬೈಯೋಣವೆಂದರೆ ಬಾಯಿ ಬರುವುದಿಲ್ಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿರುವ ಮಗಳು ಸಹನಾಳಿಗೆ, ಇದ್ದುದರಲ್ಲೇ ಅತಿ ಚಂದದ ಹೂವು ಕುದಿಸಿ, ಜೇನುತುಪ್ಪ ಬೆರೆಸಿ, ದಿನಾ ತಾವೇ ಕುಡಿಸುತ್ತಾರೆ. ನಿನ್ನೆ ನಾನು ಅವರ ಮನೆಗೆ ಹೋದಾಗ ಅವಳ ಲೋಟದಿಂದ ನಾಲ್ಕು ಹನಿ ನೆಲಕ್ಕೆ ತುಳುಕಿತು. ಗೋಡೆಯಂಚಿನಿಂದ ಹೊರಟ ಇರುವೆಸಾಲು ಆ ಸಿಹಿಯ ಹತ್ತಿರ ಬಂದು ನಿಂತಿತು, ಆಮೇಲೆ ದೂರದಿಂದ ಸುತ್ತು ಹಾಕಿ ಹೋಯಿತು. ಮಡಿವಾಳಪ್ಪನವರೂ ನೋಡಿದರು. ಮಗಳ ಲೋಟಕ್ಕೆ ಮತ್ತಷ್ಟು ಬಗ್ಗಿಸುತ್ತಾ ಹೆಮ್ಮೆಯಿಂದ ಹೇಳಿದರು: “ನೋಡ್ರಿ, ಇರುವಿ ಸೈತ ಮುಟ್ಟಂಗಿಲ್ಲ.”