ಲೇಯರ್ ಮೇಲೊಂದು ಮಾರು ಮಲ್ಲಿಗೆ

ಕಳೆದ ಭಾನುವಾರ ಮಧ್ಯಾಹ್ನ ನಾನು ಒಂದೇ ಒಂದು ಮೊಗ್ಗಿನಿಂದ ಒಂದು ಮಾರು ಮಲ್ಲಿಗೆ ಮಾಡಿದೆ. ನಂಬಿಕೆ ಬರಲಿಲ್ಲವೇ? ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಸಾಧ್ಯ ಸ್ವಾಮಿ. ಒಂದು ಮೊಗ್ಗಿನ ಚಿತ್ರ ಬರೆದೆ. ಕಾಪಿ. ಆಮೇಲೆ ಪೇಸ್ಟ್, ಪೇಸ್ಟ್, ಪೇಸ್ಟ್. ನೀರು ಚಿಮುಕಿಸುವ ಗೋಜಿಲ್ಲ, ಬಾಡುವ ಭಯವಿಲ್ಲ.

ಇದು ನನ್ನ ಹೊಸ ಹುಚ್ಚು. ಚೈತ್ರ ಬಂತೆಂದರೆ ಗುಬ್ಬಿ ರಸ್ತೆಯ ಹೊಂಗೆ ಮರಗಳ ಕೆಳಗೆ ನನ್ನ ಸ್ಕೂಟರ್ ತಾನಾಗಿ ನಿಧಾನವಾಗುತ್ತದೆ. ನೆಲದ ತುಂಬ ತಿಳಿ ನೇರಳೆ ಹೂವು. ಮನೆಗೆ ಬಂದು ಅದನ್ನೇ ಬರೆಯಲು ಕೂರುತ್ತೇನೆ. ಹೊಂಗೆಗೊಂದು ಲೇಯರ್, ಬೇವಿನ ಹೂವಿಗೊಂದು ಲೇಯರ್, ಒಂದರ ಮೇಲೊಂದು ಪಾರದರ್ಶಕ ಹಾಳೆ ಹಾಸಿದಂತೆ. ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. (ಒಲೆಯ ಮೇಲಿನ ಹಾಲಿಗೆ ತಿಳಿಯುತ್ತದೆ.)

ಆ ಭಾನುವಾರ ಮನೆಯಲ್ಲಿ ನನ್ನ ಸೋದರತ್ತೆ ಇದ್ದರು. ಹಬ್ಬ ಮುಗಿಸಿ, ಅಮೃತೂರಿನಿಂದ ಕುಣಿಗಲ್‌ಗೆ ಬಂದು, ಅಲ್ಲಿ ಬಸ್ ಬದಲಾಯಿಸಿ, ಶೆಟ್ಟಿಹಳ್ಳಿಯ ನಮ್ಮ ಮನೆಗೆ ನಾಲ್ಕು ದಿನಕ್ಕೆಂದು ಬಂದವರು. ನಮ್ಮ ಮನೆಯ ಅಷ್ಟೂ ಮದುವೆಗಳಿಗೆ ಹೂ ಕಟ್ಟಿದ್ದು ಇವರೇ. ಇಪ್ಪತ್ತಾರನೇ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡರು. ಅಂದಿನಿಂದ ಹೂವು ಅವರ ಬೆರಳಿನವರೆಗೆ ಬರುತ್ತದೆ, ತಲೆಗೆ ಏರುವುದಿಲ್ಲ. ಈಗ ಅವರಿಗೆ ಎಪ್ಪತ್ತು.

ನನ್ನ ಮಲ್ಲಿಗೆಯನ್ನು ಹೆಮ್ಮೆಯಿಂದ ತೋರಿಸಿದೆ. ಅತ್ತೆ ಕನ್ನಡಕ ಏರಿಸಿಕೊಂಡು ನೋಡಿದರು.

"ಇದನ್ನ ಕಟ್ಟಿಲ್ಲ ಕಣೇ, ಸಾಲಾಗಿ ನಿಲ್ಸಿದೀಯ. ಎಲ್ಲಾ ಮೊಗ್ಗೂ ಒಂದೇ ಕಡೆ ಮುಖ ಮಾಡ್ಕೊಂಡವೆ, ಸ್ಕೂಲ್ ಪ್ರೇಯರ್‌ಗೆ ನಿಂತಂಗೆ. ದಾರ ಎಲ್ಲಿ? ಎರಡು ಈ ಕಡೆ, ಎರಡು ಆ ಕಡೆ ಇಟ್ಟು ಗಂಟು ಹಾಕ್ಬೇಕು. ಇಲ್ದಿದ್ರೆ ಉದುರೋಗ್ತವೆ."

(ಕಂಪ್ಯೂಟರ್ ಹೂವು ಉದುರುತ್ತದೆಯೇ? ಕೇಳುವ ಧೈರ್ಯವಾಗಲಿಲ್ಲ.)

ಅತ್ತೆ ಹೇಳುತ್ತಾ ಹೋದರು, ನಾನು ಮೊಗ್ಗುಗಳನ್ನು ಫ್ಲಿಪ್ ಮಾಡುತ್ತಾ ಹೋದೆ. ದಾರಕ್ಕೆ ಇನ್ನೊಂದು ಲೇಯರ್. ಪಕ್ಕದಲ್ಲಿ ಅವರ ಬೆರಳುಗಳು ಮಡಿಲಲ್ಲಿ, ಇಲ್ಲದ ಹೂವಿಗೆ ಗಂಟು ಹಾಕುತ್ತಿದ್ದವು. ಕಿಟಕಿಯ ಬಿಸಿಲು ಮೆಲ್ಲಗೆ ಗೋಡೆ ಹತ್ತಿತು. ಇಬ್ಬರೂ ಯಾವುದೋ ಮದುವೆಮನೆಯ ಹಜಾರದಲ್ಲಿ ಕೂತಿದ್ದೇವೆ ಅನ್ನಿಸಿತು. ಘಮ ಕೂಡ ಬಂತು, ಆಣೆ ಮಾಡಿ ಹೇಳುತ್ತೇನೆ.

ಆಮೇಲೆ ಅತ್ತೆ ಸಣ್ಣ ದನಿಯಲ್ಲಿ ಕೇಳಿದರು, "ಇದನ್ನ ಯಾರ ತಲೇಗಾದ್ರೂ ಇಡಬೋದಾ?"

"ಯಾರಿಗೆ ಬೇಕಾದ್ರೂ ಇಡಬಹುದು ಅತ್ತೆ. ಯಾರಿಗೆ?"

"ನಂಗೆ."

ಬೆಳಿಗ್ಗೆ ಮಹಡಿಯ ಮೇಲೆ ನಾನೇ ತೆಗೆದ ಅವರ ಫೋಟೋ ಇತ್ತು, ಪಕ್ಕದಿಂದ ತುರುಬು ಕಾಣುವಂಥದ್ದು. ಅದರ ಮೇಲೆ ಮಲ್ಲಿಗೆ ಇಟ್ಟೆ. ಕಾಣಲೇ ಇಲ್ಲ! ಬೆಳ್ಳನೆಯ ಕೂದಲ ಮೇಲೆ ಬೆಳ್ಳನೆಯ ಹೂವು.

"ಕೂದ್ಲು ಕಪ್ಪು ಮಾಡ್ಲಾ ಅತ್ತೆ? ಒಂದೇ ನಿಮಿಷ."

"ಬ್ಯಾಡ ಬುಡು. ಇರೋ ತಲೆಗೇ ಇಡು. ನಡುನಡುವೆ ಕನಕಾಂಬರ ಸೇರ್ಸು, ಎದ್ದು ಕಾಣ್ತದೆ."

ಸೇರಿಸಿದೆ. ಎದ್ದು ಕಂಡಿತು. ಅತ್ತೆ ಪರದೆಯ ಹತ್ತಿರಕ್ಕೆ ಬಾಗಿದರು. ಕೈ ಹಿಂದೆ ಹೋಗಿ ಖಾಲಿ ತುರುಬನ್ನು ಮುಟ್ಟಿ ಬಂತು.

"ಚೆನ್ನಾಗ್ ಕಾಣ್ತೀನಲ್ವೇನೇ?" ಅಂದರು. ಹೂಂ ಅಂತ ತಲೆಯಾಡಿಸಿದೆ, ಅಷ್ಟೇ.

ಸೋಮವಾರ ಬೆಳಿಗ್ಗೆ ಹೂವಿನಾಕೆ ಗೇಟಿನ ಮುಂದೆ ಕೂಗಿದಳು. ಮಲ್ಲಿಗೆ ಕನಕಾಂಬರ ಸೇರಿಸಿ ಕಟ್ಟಿದ್ದನ್ನೇ ಆರಿಸಿ ಒಂದು ಮಾರು ಕೊಂಡೆ. ಬೇಕೆಂದೇ ಕೊಂಡೆ. ಅತ್ತೆ ಗೇಟಿನ ಬಳಿಯೇ ನಿಂತು, ಎಂದಿನಂತೆ ದೇವರಿಗೆ ಒಂದು ತುಂಡು ಎತ್ತಿಟ್ಟರು, ನನ್ನ ಜಡೆಗೆ ಒಂದು ತುಂಡು ಮುಡಿಸಿದರು. ಉಳಿದದ್ದು ನನ್ನ ಕೈಯಲ್ಲಿತ್ತು.

ಅವರ ತುರುಬಿನ ತನಕ ಕೈ ಎತ್ತಿದೆ. ಅತ್ತೆ ಹಿಂದೆ ಸರಿಯಲಿಲ್ಲ, ಬೇಡ ಅನ್ನಲಿಲ್ಲ. ತಲೆಯನ್ನು ಕೊಂಚ ಬಾಗಿಸಿದರು.

ಎದುರು ಮನೆಯವರು ರಂಗೋಲಿ ಬಿಡುವುದನ್ನು ನಿಲ್ಲಿಸಿ ನಮ್ಮತ್ತ ನೋಡಿದರು. ಒಂದು ಮಾತೂ ಆಡಲಿಲ್ಲ, ಪಾಪ. ಬರೀ ನೋಡಿದರು. ನನ್ನ ಕೈ ಕೆಳಗಿಳಿಯಿತು. ಹೂವನ್ನು ಒಯ್ದು ಫ್ರಿಜ್‌ನಲ್ಲಿಟ್ಟೆ.

ಅತ್ತೆಯೇ ಬಾಯಿಬಿಟ್ಟು ಕೇಳಿದ ಮೇಲೂ ನಾನು ಕಾಯುತ್ತಿದ್ದದ್ದು ಇನ್ಯಾರ ಅಪ್ಪಣೆಗೆ?