ಚಿವುಟಕ್ಕ ಕೆಡಿಸಿದ ಪಾತಿ

ಸೇವಂತಿಗೆ ತೋಟದಲ್ಲಿ ಅವಳನ್ನು ಎಲ್ಲರೂ ಚಿವುಟಕ್ಕ ಎಂದೇ ಕರೆಯುತ್ತಿದ್ದರು. ಒಂದು ಕಡ್ಡಿಗೆ ಒಂದೇ ದೊಡ್ಡ ಹೂ ಬೇಕೆಂದರೆ ನಡುವಿನ ತಲೆಮೊಗ್ಗನ್ನು ಉಳಿಸಿ, ಸುತ್ತಲಿನ ಮರಿಮೊಗ್ಗುಗಳನ್ನು ಎಳೆಯವಾಗಿದ್ದಾಗಲೇ ಚಿವುಟಿ ಹಾಕಬೇಕು. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಬಾಯಿ ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. "ನಾನು ಕಣ್ಣು ಮುಚ್ಕೊಂಡೂ ಚಿವುಟ್ತೀನಿ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು.

ಬರಬರುತ್ತಾ ಅದು ಬರೀ ಜಂಬವಾಗಿ ಉಳಿಯಲಿಲ್ಲ, ಪಾಪ. ಹತ್ತಿರದ್ದೆಲ್ಲ ಮಸುಕಾಗತೊಡಗಿತ್ತು. ಮಗ ಕನ್ನಡಕ ಮಾಡಿಸಿಕೊಟ್ಟಿದ್ದ. ಹಾಕಿಕೊಂಡು ಹೋದರೆ ಮುದುಕಿ ಅಂದುಬಿಟ್ಟಾರು ಎಂದು ಅವಳು ಅದನ್ನು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದಳು.

ಆ ಸಲ ಯಜಮಾನಿ ಹೊಸ ತಳಿಯ ಬಿಳಿ ಸೇವಂತಿಗೆ ಹಾಕಿಸಿದಳು. ಈ ತಳಿ ಸ್ವಲ್ಪ ತರಲೆ. ಮರಿಮೊಗ್ಗುಗಳು ತಲೆಮೊಗ್ಗನ್ನು ಕೆಳಗೆ ಬಿಟ್ಟು ತಾವೇ ಕತ್ತು ಚಾಚಿ ನಿಲ್ಲುತ್ತವೆ. ನೋಡಿದರೆ ತಿಳಿಯುತ್ತದೆ, ಬರೀ ಬೆರಳಿಗೆ ತಿಳಿಯುವುದಿಲ್ಲ. ಎತ್ತರದ್ದೇ ತಲೆಮೊಗ್ಗೆಂದುಕೊಂಡ ಚಿವುಟಕ್ಕ ಅಸಲಿ ತಲೆಮೊಗ್ಗನ್ನೇ ಚಿವುಟುತ್ತಾ ಸಾಗಿದಳು. ಪಕ್ಕದ ಪಾತಿಯಲ್ಲಿ ಅವಳ ಸೊಸೆ ಕೂತಿದ್ದಳು, ಕೆಲಸಕ್ಕೆ ಹೊಸಬಳು.

"ಅತ್ತೆ, ಇದ್ಯಾಕೋ ಬೇರೆ ಥರ ಇದೆ. ಒಂದ್ಸಲ ನೋಡಿ" ಎಂದಳು ಸೊಸೆ.

"ನಿನ್ನೆ ಮೊನ್ನೆ ಬಂದವಳು ನನಗೆ ಹೇಳ್ಕೊಡ್ತೀಯಾ? ನಿನ್ನ ಪಾತಿ ನೀನು ನೋಡ್ಕೊ" ಎಂದಳು ಚಿವುಟಕ್ಕ.

ಹೂ ಅರಳುವ ಹೊತ್ತಿಗೆ ಬಣ್ಣ ಬಯಲಾಯಿತು. ಸೊಸೆಯ ಪಾತಿಯಲ್ಲಿ ಅಂಗೈಯಗಲದ ಹೂಗಳು. ಅತ್ತೆಯ ಪಾತಿಯಲ್ಲಿ ಕಡ್ಡಿಗೊಂದು ಸಣಕಲು ಹೂ, ಅದೂ ಕತ್ತು ವಾರೆ ಮಾಡಿಕೊಂಡು. ಯಜಮಾನಿ ಎಲ್ಲರನ್ನೂ ಕರೆದು, "ಈ ಪಾತಿ ಯಾರು ಮಾಡಿದ್ದು?" ಎಂದು ಕೇಳಿದಳು.

ತನ್ನದು ಎಂದು ಹೇಳಲೆಂದೇ ಚಿವುಟಕ್ಕ ಬಾಯಿ ತೆರೆದಳು. ಹೊರಬಿದ್ದದ್ದು ಬೇರೆ: "ಹೊಸಬಳಲ್ವಾ, ಬೈಬೇಡಿ. ಕಲೀತಾಳೆ."

ಸೊಸೆ ಅತ್ತೆಯ ಮುಖ ನೋಡಿದಳು. ಅವತ್ತಿನಿಂದಲೇ ಅವಳಿಗೆ ಕೊಯ್ದ ಹೂ ಇಡುವ ಬಕೆಟ್ ತೊಳೆಯುವ ಕೆಲಸ ಬಿತ್ತು. ಕೊಳೆತ ಎಲೆಯ ಲೋಳೆ, ತಣ್ಣೀರು, ಗಬ್ಬು ನಾತ. ಇತ್ತ ಕೆಲಸದ ಹೆಂಗಸರು, "ಅತ್ತೆ ಅಂದ್ರೆ ಹೀಗಿರಬೇಕು ನೋಡು, ಸೊಸೇನ ಬಿಟ್ಟುಕೊಡಲಿಲ್ಲ" ಎಂದು ಹೊಗಳಿದ್ದೇ ಹೊಗಳಿದ್ದು. ಒಂದೊಂದು ಹೊಗಳಿಕೆಗೂ ಚಿವುಟಕ್ಕನಿಗೆ ಕೆನ್ನೆಗೆ ಬಾರಿಸಿದ ಹಾಗಾಗುತ್ತಿತ್ತು.

ಮನೆಯಲ್ಲಿ ಸೊಸೆ ಎಂದಿನಂತೆಯೇ ಇದ್ದಳು. ಕರೆದು ಊಟಕ್ಕೆ ಹಾಕುತ್ತಿದ್ದಳು, ಗಂಡನ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಒಂದು ಮಾತು ಬೈದಿದ್ದರೆ ಚಿವುಟಕ್ಕ ನಾಲ್ಕು ಮಾತು ತಿರುಗಿಸಿ ಬೈದು ಹಗುರಾಗುತ್ತಿದ್ದಳು. ಅದಕ್ಕೂ ದಾರಿಯಿರಲಿಲ್ಲ. ನೀರಿನಲ್ಲಿ ನೆನೆದು ಬಿರಿದ ಆ ಬೆರಳುಗಳು ತಟ್ಟೆಗೆ ಬಡಿಸುವಾಗ ಚಿವುಟಕ್ಕ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ನಾಳೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದಳು. ಹೂ ಕೊಯ್ದಾಯಿತು, ಗಿಡವನ್ನೂ ಕಿತ್ತಾಯಿತು.

ಕೊನೆಗೆ ಒಂದು ಬೆಳಿಗ್ಗೆ ತಡೆಯಲಾಗದೆ ಯಜಮಾನಿಯ ಮುಂದೆ ಹೋಗಿ ನಿಂತಳು.

"ಅಮ್ಮಾ, ಆ ಪಾತಿ ಕೆಡಿಸಿದ್ದು ನಾನು. ನನಗೆ ಕಣ್ಣು ಕಾಣ್ತಿಲ್ಲ."

"ಗೊತ್ತು ಅಕ್ಕಾ. ನೀವು ಅಲ್ಲಿ ಕೂತಿದ್ದನ್ನ ನಾನೇ ನೋಡಿದ್ದೆ."

"ಮತ್ತೆ ಸುಮ್ಮನಿದ್ರಲ್ಲ!"

"ಅವತ್ತೇ ನಿಮ್ಮ ಸೊಸೇನ ಕರೆದು ಕೇಳಿದೆ. 'ನಮ್ಮತ್ತೆ ಅಂಥೋರಲ್ಲಮ್ಮ, ಹೆದರಿಬಿಟ್ಟಿದಾರೆ ಅಷ್ಟೇ. ನಾಳೆ ಬೆಳಿಗ್ಗೆ ಅವರೇ ಬಂದು ಹೇಳ್ತಾರೆ ನೋಡಿ. ಅಲ್ಲೀವರೆಗೆ ಬಕೆಟ್ ನಾನು ತೊಳೀತೀನಿ' ಅಂದ್ಲು."

ಚಿವುಟಕ್ಕ ಅಲ್ಲಿಂದ ಹೇಗೆ ಬಂದಳೋ ಅವಳಿಗೇ ತಿಳಿಯದು. ಶೆಡ್ಡಿನ ಹಿಂದೆ ಸೊಸೆ ಮೊಣಕೈವರೆಗೂ ಬಕೆಟ್ಟಿನೊಳಗೆ ಕೈಯಿಟ್ಟು ಉಜ್ಜುತ್ತಿದ್ದಳು. ಅತ್ತೆಯ ಮುಖ ಕಂಡದ್ದೇ ಅವಳ ಕೈ ನಿಂತಿತು.

"ಹೇಳಿದ್ರಾ ಅತ್ತೆ?"

ಆ ದನಿಯಲ್ಲಿದ್ದದ್ದು ಬರೀ ಸಂತೋಷ. ಚಿವುಟಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.