ಉಕ್ಕು ನೋಡುವವರು

ಕೊಟ್ಟೂರಿನ ನಮ್ಮ ಪಕ್ಕದ ಮನೆಯ ಯಜಮಾನರು ಮಡಚುವ ಚಾಕುಗಳ ಮಹಾಪಂಡಿತರು. ಸಂತೆಯಲ್ಲಿ ಯಾರು ಚಾಕು ಕೊಂಡರೂ ಕಸಿದುಕೊಂಡು, ಅಲಗನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿಯುತ್ತಿದ್ದರು. "ಮೊನಿ ಬಾಗಿದ್ದು ಹಣ್ಣಿಗೆ, ನೆಟ್ಟಗಿದ್ದದ್ದು ಹಗ್ಗಕ್ಕ. ಮೊದ್ಲು ಉಕ್ಕು ನೋಡ್ರಿ!" ತಮ್ಮ ಚಾಕುವಿನಿಂದ ಮಾತ್ರ ನಿಂಬೆಹಣ್ಣನ್ನೂ ಕೊಯ್ದವರಲ್ಲ. ಆಯುಧಪೂಜೆಗೆ ವಿಭೂತಿ, ಕುಂಕುಮ ಮೆತ್ತಿ, ಒರೆಸಿದರೆ ಅಪಚಾರವೆಂದು ಹಾಗೆಯೇ ಮಡಚಿಡುತ್ತಿದ್ದರು.

ಒಮ್ಮೆ ಸಂತೆಯಲ್ಲಿ ಕುರಿಯೊಂದು ಕೊರಳಿಗೆ ಹಗ್ಗ ಬಿಗಿದುಕೊಂಡು ಕಣ್ಣು ಮೇಲೆ ಮಾಡಿತು. "ಅಣ್ಣಾರ, ಲಗೂನ ಹಗ್ಗ ಕೊಯ್ರಿ!" ಎಂದು ಕುರಿ ಮಾರಲು ಬಂದಾಕೆ ಚೀರಿದಳು. ಇವರು ಚಾಕು ತೆಗೆದರು. ಕೀಲು ತುಕ್ಕು ಹಿಡಿದಿತ್ತು. ಉಗುರು ಮುರಿಯಿತೇ ಹೊರತು ಅಲಗು ಏಳಲಿಲ್ಲ. ಆಕೆ ಸೊಪ್ಪಿನವಳ ಕುಡುಗೋಲು ಕಸಿದು ಹಗ್ಗ ಕೊಯ್ದಳು. ಕುರಿ ಕೆಮ್ಮುತ್ತ ಎದ್ದಿತು.

ಇವರು ಮುಚ್ಚಿದ ಚಾಕುವನ್ನೇ ನಮ್ಮೆದುರು ಹಿಡಿದರು: "ಉಕ್ಕು ನೋಡ್ರಿ! ಕಂಡಕಂಡೋರ ಕುರಿಗೆಲ್ಲ ಬಾಯಿ ತಗಿಯಂಗಿಲ್ಲ."